ಅರ್ಥ ಇಲ್ಲದ ಡಬ್ಬಿ

ಮುಂಡರಗಿ
9 ಫೆಬ್ರುವರಿ 2025

ವೈನಿಗೆ ವನಿತಾ ಮಾಡುವ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ. ಅತ್ತಲೂ ಕ್ಷೇಮವೆಂದು ಬರೆಯುವುದು ಪದ್ಧತಿ. ಆದರೆ ನಿಮ್ಮ ನಳದ ಪಕ್ಕದ ಗೋಡೆಗೆ ನೇತುಹಾಕಿದ ಆ ಸ್ಟೀಲ್ ಡಬ್ಬಿಯನ್ನು ಕಣ್ಣಾರೆ ಕಂಡು ಬಂದವಳು ಹಾಗೆ ಬರೆದರೆ ಸುಳ್ಳಾಗುತ್ತದೆ.

ಫೋನ್ ಬಿಟ್ಟು ಕಾಗದ ಏಕೆ ಎನ್ನಬೇಡಿ. ಫೋನ್ ಮಾಡಿದರೆ ಅಣ್ಣ ಸ್ಪೀಕರ್ ಒತ್ತಿಕೊಂಡು ನಡುವೆ ಕೂಡುತ್ತಾನೆ. ಮೆಸೇಜ್ ಹಾಕಿದರೆ ನಿಮಗಿಂತ ಮೊದಲು ಅವನೇ ಓದುತ್ತಾನೆ. ಈ ಮಾತು ಅವನ ಕಿವಿಗೆ ಬೀಳಬಾರದು. ನೀವು ಸೋಲ್ಡರಿಂಗ್ ಐರನ್ ಹಿಡಿದು ಕುಳಿತರೆ ಮೊದಲೇ ಅವನಿಗೆ ಮೈಯೆಲ್ಲ ಉರಿ. "ಇನ್ನೊಮ್ಮೆ ಅಡಗಿ ಮನ್ಯಾಗ ಸೀಸದ ಹೊಗಿ ಎದ್ದತಂದ್ರ ಎಲ್ಲಾ ಒಯ್ದು ತಿಪ್ಪಿಗಿ ಒಗೀತೀನಿ" ಎಂದು ನನ್ನೆದುರೇ ಅಂದಿದ್ದಾನೆ.

ಬೆಟಗೇರಿಯಲ್ಲಿ ನಳ ಹತ್ತು ದಿನಕ್ಕೊಮ್ಮೆ ಬರುತ್ತದೆ, ಯಾವಾಗ ಬರುತ್ತದೋ ಆ ನೀರು ಬಿಡುವವನಿಗೇ ಗೊತ್ತಿಲ್ಲ. ನಳದ ಬಾಯಿಗೆ ಎರಡು ತಂತಿ ಇಳಿಬಿಟ್ಟು, ನೀರು ತಾಗಿದ ಕೂಡಲೇ ಪೀಂ ಎಂದು ಕೂಗಿ ತಾನೇ ಮೋಟಾರ್ ಹಚ್ಚುವ ಪೆಟ್ಟಿಗೆ ಮಾಡಿದಿರಿ. ವಿಚಾರ ಚಂದ. ನಿಮ್ಮ ತಲೆಯ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ನೀವು ಮದುವೆಯಾಗಿ ಬಂದ ವರ್ಷ ಹೈಸ್ಕೂಲು ಹುಡುಗಿಯಾದ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೆಟ್ಟ ರೇಡಿಯೊ ಬಿಚ್ಚಿದವರು ನೀವೇ. ಅದಕ್ಕೇ ಒಳಗೆ ಕಂಡದ್ದಕ್ಕೆ ಹೆಚ್ಚು ಸಂಕಟವಾಯಿತು.

ನೀವು ಚಹಾ ಮಾಡಲು ಒಳಗೆ ಹೋದಾಗ ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ವಾಕರಿಕೆ ಬಂತು ವೈನಿ. ಬೆಸುಗೆ ಎಂದರೆ ಬೆಳ್ಳಿಯಂತೆ ಹೊಳೆಯಬೇಕು, ತಂತಿಯ ಬುಡಕ್ಕೆ ಹರಿದು ಕೂಡಬೇಕು. ನಿಮ್ಮದು ನೆಗಡಿಯಾದ ಹುಡುಗರ ಮೂಗಿನ ಕೆಳಗೆ ಒಣಗಿದ್ದರ ಹಾಗೆ, ಬೂದು ಬಣ್ಣದ ಗಂಟು ಗಂಟು. ಮೊದಲು ತಂತಿ ಕಾಯಬೇಕು, ಕಾದ ತಂತಿ ಸೀಸವನ್ನು ತಾನೇ ಎಳೆದುಕೊಳ್ಳುತ್ತದೆ. ನೀವು ಸೀಸವನ್ನು ಐರನ್ನಿನ ಮೂತಿಗೆ ಮೆತ್ತಿ ತಂದು ಅಲ್ಲಿ ಒರೆಸಿದ್ದೀರಿ. ಬೆರಳಿನಿಂದ ನೂಕಿದೆ, ಎರಡು ತಂತಿ ಕೈಗೇ ಬಂದವು.

ರಾಳ ಹಚ್ಚುವ ಜಾಗದಲ್ಲಿ ಕಲಾಯಿಯವರ ನವಸಾಗರ ಹಚ್ಚಿದ್ದೀರಿ. ಪಾತ್ರೆಗೆ ಅದು ಸರಿ, ಬೋರ್ಡಿಗೆ ವಿಷ. ತಾಮ್ರವೆಲ್ಲ ಹಸಿರು ಕಿಲುಬು ಹಿಡಿದು, ಮೂರು ದಿನ ಹಿತ್ತಾಳೆ ಪಾತ್ರೆಯಲ್ಲಿ ಬಿಟ್ಟ ಹುಳಿಸಾರಿನಂತಾಗಿದೆ. ತಂತಿಗೆ ತಂತಿ ಹೊಸೆದು ಮೇಲೆ ಗಾಯಕ್ಕೆ ಸುತ್ತುವ ಪಟ್ಟಿ ಸುತ್ತಿದ್ದೀರಿ. ಅದರ ಅಂಟಿಗೆ ಕೂದಲು, ಸತ್ತ ಇರುವೆ, ಜಿರಳೆಯ ತತ್ತಿ. ಛೀ. ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಸಕ್ಕರೆ ಹೆಚ್ಚಾಯಿತೆಂದು ನೀವು ತಿಳಿದಿರಿ.

ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಗೊತ್ತು. ನೀವು ಅದನ್ನು ಬಂದವರಿಗೆಲ್ಲ ತೋರಿಸುವಾಗ ಮುಖ ಅರಳುವುದನ್ನು ನೋಡಿದ್ದೇನೆ. ಆದರೂ ಹೇಳಬೇಕು. ಒಂದು ಒದ್ದೆ ಸ್ಪಂಜು ಇಟ್ಟುಕೊಳ್ಳಿ, ಪ್ರತಿ ಬೆಸುಗೆಗೂ ಐರನ್ನಿನ ಮೂತಿ ಒರೆಸಿ. ರಾಳ ನಾನು ಕಳಿಸುತ್ತೇನೆ. ಹಳೆ ಬೆಸುಗೆ ತೆಗೆಯಲು ತಾಮ್ರದ ಬತ್ತಿ ಸಿಗುತ್ತದೆ, ಅದನ್ನೂ ಕಳಿಸುತ್ತೇನೆ.

ಇನ್ನೊಂದು ಮಾತು. ಆ ಡಬ್ಬಿಗೆ ಅರ್ಥ ಇಲ್ಲ. ಅರ್ಥ ಇಲ್ಲದ್ದನ್ನು ತಿಳಿದವರು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಮ್ಮವರ ಮೋಟಾರ್ ರಿಪೇರಿ ಅಂಗಡಿಗೆ ಬರುವ ಹಳ್ಳಿಯ ಮುದುಕರಿಗೂ ಅಷ್ಟು ತಿಳಿಯುತ್ತದೆ. ತೆಗೆದುಬಿಡಿ.

ನಿಮ್ಮ
ವನಿತಾ


ಬೆಟಗೇರಿ
15 ಫೆಬ್ರುವರಿ 2025

ವನಿತಾಗೆ ವೈನಿಯ ಆಶೀರ್ವಾದ. ಮನಸ್ಸಿಲ್ಲದಿದ್ದರೂ ಬರೆದಿದ್ದೇನೆ, ಹಿರಿಯಳಲ್ಲವೇ.

ನಿನ್ನ ಕಾಗದವನ್ನು ಮೂಗು ಹಿಡಿದುಕೊಂಡು ಓದಿದೆ. ಸಿಂಬಳ, ಕಿಲುಬು, ಜಿರಳೆ ತತ್ತಿ, ಎಲ್ಲ ಸರಿಯೇ. ಹೊಲಸು ಬೆಸುಗೆ ಎಂದೆ, ಒಪ್ಪಿದೆ. ನನ್ನ ಐರನ್ನಿನ ಮೂತಿ ಸವೆದಿದೆ, ನನ್ನ ಕಣ್ಣೂ ಸವೆದಿದೆ. ಅದನ್ನೆಲ್ಲ ನುಂಗಿಕೊಂಡೆ. ಕೊನೆಯ ಸಾಲು ಮಾತ್ರ ಗಂಟಲಿಗೆ ಅಡ್ಡ ಬಿತ್ತು.

ಅರ್ಥ ಇಲ್ಲ. ಇದೇ ಮಾತನ್ನು ನಿನ್ನಣ್ಣ ಚನ್ನಬಸವಣ್ಣ ನಾನು ಈ ಹೊಸ್ತಿಲು ತುಳಿದಾಗಿನಿಂದ ಹೇಳುತ್ತಿದ್ದಾನೆ. "ಈ ಉಸಾಬರಿಗಿ ಏನರ ಅರ್ಥ ಐತೇನ? ನಾಕ ಮಂದಿ ಹೆಣ್ಣಮಕ್ಕಳ ಗತೆ ಇರಾಕ ಬರೂದಿಲ್ಲೇನ ನಿನಗ?" ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ, ಯಾಕೆಂದರೆ ನೀನಿದ್ದೆ. ಒಬ್ಬಳಾದರೂ ಇದ್ದಾಳೆ, ನನ್ನ ಹುಚ್ಚು ಅವಳಿಗೆ ಹುಚ್ಚಾಗಿ ಕಾಣುವುದಿಲ್ಲ ಎಂದುಕೊಂಡಿದ್ದೆ. ಈಗ ಅಣ್ಣನ ಬಾಯಿ ತಂಗಿಗೂ ಬಂತು. ಹಳ್ಳಿ ಮುದುಕರನ್ನು ಬೇರೆ ಸಾಕ್ಷಿಗೆ ಕರೆದಿದ್ದೀಯ. ಥೂ.

ಅರ್ಥ ಬೇಕೇನು ನಿನಗೆ? ಈ ಓಣಿಯ ಹೆಂಗಸರನ್ನು ಕೇಳು. ನಳ ಬಂದೀತೆಂದು ಮದುವೆಗೆ ಹೋಗಲಿಲ್ಲ, ಮಣ್ಣಿಗೆ ಹೋಗಲಿಲ್ಲ, ಕೂತು ಉಣ್ಣಲಿಲ್ಲ. ಖಾಲಿ ನಳದ ಬಾಯಿ ನೋಡುತ್ತ ಅರ್ಧ ಆಯುಷ್ಯ ಹೋಯಿತು. ನನ್ನ ಡಬ್ಬಿ ಬಂದ ಮೇಲೆ ನಾನು ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತಿದ್ದೇನೆ. ನಿನ್ನ ಊರಲ್ಲಿ ಹೊಳೆ ನೀರು ದಿನವೂ ಬರುತ್ತದೆ, ನಿನಗೇನು ಗೊತ್ತು.

ನಾನು ಬುದ್ಧಿ ಇಲ್ಲದೆ ಮಾಡಿಲ್ಲ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಡಬ್ಬಿಯಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಕೆಪ್ಯಾಸಿಟರ್ ಹಾಕಿ ಕರೆಂಟ್ ಇಳಿಸಿದೆ. ವಿಡಿಯೋದಲ್ಲಿ ತೋರಿಸಿದ್ದೂ ಹಾಗೆಯೇ. ಬೋರ್ಡಿನ ಗ್ರೌಂಡನ್ನು ಡಬ್ಬಿಗೇ ಗಟ್ಟಿಯಾಗಿ ಬೆಸೆದಿದ್ದೇನೆ, ಭದ್ರ ಇರಲಿ ಎಂದು. ಟೆಸ್ಟರ್ ಹಚ್ಚಿಯೂ ನೋಡಿದೆ, ದೀಪ ಹತ್ತಲಿಲ್ಲ. ಮತ್ತೇನು ಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಇಂಥದೊಂದು ಮಾಡಲಿಲ್ಲ, ಅದಕ್ಕೆ ಮೂಗು ಮುರಿಯುತ್ತೀ. ನಿನ್ನ ರಾಳ, ನಿನ್ನ ಬತ್ತಿ, ನಿನ್ನ ಕಾಗದ ಮೂರೂ ಬೇಡ.

ನೀಲಗಂಗಾ


ಮುಂಡರಗಿ
18 ಫೆಬ್ರುವರಿ 2025

ವೈನಿ,

ನಿಮ್ಮ ಕಾಗದ ಓದಿ ಮೊದಲು ನಗು ಬಂತು. ಎರಡನೆಯ ಸಲ ಓದಿ ನಮ್ಮವರನ್ನು ಕೂಗಿ ಕರೆದೆ.

ನಾನು ಬರೆದ ಅರ್ಥ ನಿಮ್ಮ ಅರ್ಥ ಅಲ್ಲ. ಅರ್ಥಿಂಗ್. ನಮ್ಮವರ ಅಂಗಡಿಯಲ್ಲಿ ಅದಕ್ಕೆ ಅರ್ಥ ಎಂದೇ ಹೇಳುತ್ತಾರೆ. "ಈ ಮೋಟಾರಿಗಿ ಅರ್ಥ ಐತೇನ್ರಿ? ಅರ್ಥ ಹರದೈತಿ ನೋಡ್ರಿ." ಇದನ್ನೇ ಕೇಳಿ ಕೇಳಿ ನನ್ನ ಬಾಯಿಗೂ ಬಂದಿದೆ, ಕೈಗೂ ಬಂದಿದೆ. ನೀವು ವಿಡಿಯೋ ನೋಡಿ ಕಲಿತವರು, ನಿಮಗೆ ಎಲ್ಲವೂ ಗ್ರೌಂಡ್. ಡಬ್ಬಿಯಿಂದ ನೆಲಕ್ಕೆ ಹೋಗುವ ತಂತಿ ಇಲ್ಲ ಎಂದು ನಾನು ಬರೆದದ್ದು. ನಿಮ್ಮ ಕೆಲಸಕ್ಕೆ ಅರ್ಥವಿಲ್ಲ ಎಂದು ನಾನೇಕೆ ಬರೆಯಲಿ?

ಅದು ಹಾಗಿರಲಿ. ಬೋರ್ಡಿನ ಗ್ರೌಂಡನ್ನು ಡಬ್ಬಿಗೆ ಬೆಸೆದಿದ್ದೇನೆ ಎಂದು ಹೆಮ್ಮೆಯಿಂದ ಬರೆದಿರಲ್ಲ, ಆ ಸಾಲನ್ನು ನಮ್ಮವರಿಗೆ ಓದಿ ಹೇಳಿದೆ. ಸೋಮೇಶ ಎಂಥ ಮನುಷ್ಯರೆಂದು ನಿಮಗೆ ಗೊತ್ತು, ಮನೆ ಬಿದ್ದರೂ ಎದ್ದು ಕೂಡುವವರಲ್ಲ. ಎದ್ದು ನಿಂತರು. "ಕೆಪ್ಯಾಸಿಟರ್ ಮ್ಯಾಲೆ ನಡಸ್ಯಾರ? ಅದನ್ನ ಡಬ್ಬಿಗಿ ಬೆಸದಾರ? ನೀರಾಗ ತಂತಿ ಬಿಟ್ಟಾರ? ನಿಮ್ಮ ವೈನಿಗಿ ಮಂದಿನ ಕೊಲ್ಲಾಕ ಇಷ್ಟೆಲ್ಲಾ ಯಾಕ ಬೇಕಾಗಿತ್ತು?"

ಬಿಡಿಸಿ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಗೋಡೆಯ ಕರೆಂಟ್ ಆಚೆ, ನಿಮ್ಮ ಬೋರ್ಡ್ ಈಚೆ, ನಡುವೆ ತಂತಿಯ ಸಂಬಂಧವೇ ಇಲ್ಲ. ಕೆಪ್ಯಾಸಿಟರ್ ಹಾಕಿದರೆ ಬೋರ್ಡು ಗೋಡೆಯ ಕರೆಂಟಿಗೇ ಕಟ್ಟಿಕೊಂಡಿರುತ್ತದೆ. ಬೋರ್ಡಿನ ಮೇಲೆ ಗ್ರೌಂಡ್ ಎಂದು ಬರೆದದ್ದು ಬರೀ ಹೆಸರು. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ಹಲ್ಲಿನ ಪ್ಲಗ್ಗನ್ನು ಹೀಗೆ ಚುಚ್ಚಿದರೆ ಡಬ್ಬಿ ಸುಮ್ಮನಿರುತ್ತದೆ, ತಿರುವಿ ಚುಚ್ಚಿದರೆ ಡಬ್ಬಿಯಲ್ಲೂ ನೀರಲ್ಲೂ ಕರೆಂಟ್. ನೀವು ಟೆಸ್ಟರ್ ಹಚ್ಚಿದ್ದು ಪ್ಲಗ್ ಹೀಗಿದ್ದಾಗ. ತಿರುವಿ ಹಾಕಿ ಹಚ್ಚಿ ನೋಡಿ, ದೀಪ ಹತ್ತುತ್ತದೆ. ನಿಮ್ಮದು ಪ್ಲಾಸ್ಟಿಕ್ ಪೈಪು ಬೇರೆ, ಕರೆಂಟಿಗೆ ನೆಲ ಸೇರಲು ಮುಟ್ಟಿದವರ ಮೈ ಒಂದೇ ದಾರಿ.

ಪ್ಲಗ್ ಕಿತ್ತಿಡಿ. ಟ್ರಾನ್ಸ್‌ಫಾರ್ಮರ್ ಹಾಕಿ, ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿ, ಮೂರು ಹಲ್ಲಿನ ಪ್ಲಗ್ ಹಾಕಿ. ಹೊಸದಾಗಿ ಏನು ಮಾಡಿದರೂ ನೇರ ಗೋಡೆಗೆ ಚುಚ್ಚಬೇಡಿ, ನಡುವೆ ಒಂದು ಹಳೇ ಬಲ್ಬನ್ನು ಸೀರೀಸ್ ಹಚ್ಚಿ ನೋಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಭರ್ತಿ ಉರಿದು ಹೇಳುತ್ತದೆ, ಸುಡುವುದು ತಪ್ಪುತ್ತದೆ.

ಅಣ್ಣನಿಗೆ ನಾನು ಹೇಳುವುದಿಲ್ಲ. ಹೇಳಿದರೆ ಡಬ್ಬಿಯ ಜೊತೆ ನಿಮ್ಮ ಸಾಮಾನೆಲ್ಲ ತಿಪ್ಪೆಗೆ ಹೋಗುತ್ತದೆ. ಆದರೆ ನೀವು ಇಂದೇ ಕಿತ್ತಿಡಬೇಕು.

ವನಿತಾ


ಬೆಟಗೇರಿ
19 ಮಾರ್ಚ್ 2025

ವನಿತಾ,

ನಿನ್ನ ಎರಡನೆಯ ಕಾಗದವನ್ನು ಪೋಸ್ಟ್‌ಮನ್ ಲಕ್ಷ್ಮಪ್ಪನ ಕೈಗೇ ವಾಪಸ್ ಕೊಟ್ಟೆ. ಒಡೆಯಲೂ ಇಲ್ಲ. "ಯಾಕ್ರಿ ಅಕ್ಕಾರ, ನಾದಿನಿ ಕಾಗದ ಅಲ್ಲೇನ್ರಿ?" ಎಂದು ಅವನಿಗೂ ಹಳಹಳಿ. ಮತ್ತೆ ನಾಲ್ಕು ಪುಟ ಸಿಂಬಳದ ಪುರಾಣ ಓದುವ ತಾಳ್ಮೆ ನನಗಿರಲಿಲ್ಲ. ಬೇಡ ಎಂದಮೇಲೂ ಕಾಗದ ಬರೆಯುವ ಚಟ ನಿನಗೊಬ್ಬಳಿಗೇ ಇಲ್ಲ, ಅದಕ್ಕೆ ಇದು.

ನನ್ನ ಡಬ್ಬಿಗೆ ಅರ್ಥ ಸಿಕ್ಕಿದೆ, ತಿಳಿದುಕೋ. ಪಕ್ಕದ ಮನೆಯ ಗೌಸಬಿ ನಿನಗೆ ಗೊತ್ತಲ್ಲ, ನೀನು ಲಂಗ ಹಾಕುವ ಕಾಲಕ್ಕೆ ನಿನಗೆ ಬಳೆ ತೊಡಿಸಿದವಳು. ಗಂಡನಿಲ್ಲ, ಮಗಳು ಲಕ್ಷ್ಮೇಶ್ವರದಲ್ಲಿ. ನಳ ಬಂದಾಗ ಇವಳಿಗೆ ಕಣ್ಣು ಹತ್ತಿದ್ದರೆ ಹತ್ತು ದಿನ ಮಂದಿಯ ಮನೆ ಕೊಡ ಕೇಳಬೇಕು. ಅವಳಿಗೂ ಒಂದು ಡಬ್ಬಿ ಮಾಡಿ ನಾನೇ ಹೋಗಿ ಹಚ್ಚಿ ಬಂದೆ. ಆ ದಿನ ನನ್ನ ಎರಡೂ ಕೈ ಹಿಡಿದುಕೊಂಡು, "ಯವ್ವಾ, ಇಷ್ಟ ವರ್ಷ ಯಾರೂ ನನಗಂತ ಒಂದ ಸಾಮಾನ ಮಾಡಿ ಕೊಟ್ಟಿರಲಿಲ್ಲ" ಎಂದು ಅತ್ತಳು. ನಿನ್ನ ಹೊಳೆಯುವ ಬೆಸುಗೆಗೆ ಯಾರಾದರೂ ಅತ್ತಿದ್ದಾರೇನು?

ಯುಗಾದಿಗೆ ಓಣಿಯ ಕೊನೆಯ ಹುಚ್ಚವ್ವನಿಗೂ ಒಂದು ಮಾಡುತ್ತಿದ್ದೇನೆ. ಅವಳೇ ಮನೆತನಕ ಬಂದು ಕೇಳಿದ್ದಾಳೆ.

ಈಚೆಗೆ ಈ ಊರಿನ ನೀರಿನ ಹೊಲಸು ಹೇಳತೀರದು. ಒಡೆದ ಪೈಪಿನಲ್ಲಿ ಗಟಾರದ ನೀರು ಸೇರುತ್ತದೆ, ಅದು ಗೊತ್ತಾಗಬಾರದೆಂದು ಬ್ಲೀಚಿಂಗ್ ಪುಡಿ ಸುರಿಯುತ್ತಾರೆ. ಗೌಸಬಿಯ ಮನೆಯ ನಳದ ನೀರು ಮುಟ್ಟಿದರೆ ಬೆರಳು ಜುಮ್ ಜುಮ್ ಎನ್ನುತ್ತವಂತೆ, ಅಷ್ಟು ಖಾರ. ಅವಳ ಆಡು ನೀರು ಬರುವಾಗ ನಳದ ಕೆಳಗಿನ ಬಾನಿಗೆ ಬಾಯಿಯನ್ನೇ ಹಚ್ಚುವುದಿಲ್ಲ, ಮೂತಿ ತಂದು ಥಟ್ಟನೆ ಹಿಂದೆ ಸರಿಯುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ಈ ನೀರನ್ನು ಅದೂ ಮುಟ್ಟುವುದಿಲ್ಲ. ನಾವು ಕುಡಿಯುತ್ತಿದ್ದೇವೆ. ಮನುಷ್ಯರಿಗಿಂತ ಹೇಸಿ ಪ್ರಾಣಿ ಯಾವುದಿದೆ ಹೇಳು.

ಅವಳ ನಸೀಬೂ ಕೆಟ್ಟಿದೆ. ಹೋದ ಸಲ ನಳ ಬಂದಾಗ ಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಬಲಗೈ ಮುಂಗೈ ಮುರಿದುಕೊಂಡಿದ್ದಾಳೆ. ಪಟ್ಟಿ ಹಾಕಿದ್ದಾರೆ. ತಿಕ್ಕಿ ತೊಳೆದುಕೊಳ್ಳಬಾರದೇನು, ಇಷ್ಟು ಹೊಲಸು ಯಾಕೆ ಬಿಡಬೇಕು ಎಂದು ನಾನೇ ಬೈದು ಬಂದೆ.

ಶನಿವಾರ ನಾವು ಶಿರಹಟ್ಟಿಗೆ, ನನ್ನ ತವರಿಗೆ. ತೊಟ್ಟಿಲ ಕಾರ್ಯವಿದೆ. ನಿನಗೂ ಹೇಳಿಕಳಿಸಬೇಕಿತ್ತು, ಮನಸ್ಸಾಗಲಿಲ್ಲ.

ನೀಲಗಂಗಾ


ಬೆಟಗೇರಿ, ನಿಮ್ಮದೇ ಮನೆಯ ಕಟ್ಟೆ
22 ಮಾರ್ಚ್ 2025

ವೈನಿ,

ಕಾಗದ ಮುಂಜಾನೆ ಸಿಕ್ಕಿತು. ಒಲೆಯ ಮೇಲಿನ ರೊಟ್ಟಿ ಒಲೆಯ ಮೇಲೇ ಬಿಟ್ಟು ಬಸ್ ಹತ್ತಿದೆ. ನಿಮ್ಮ ಬಾಗಿಲಿಗೆ ಕೀಲಿ. ಈ ಸಲ ಅಣ್ಣನಿಗೂ ಫೋನ್ ಮಾಡಿದೆ, ಎತ್ತಲಿಲ್ಲ. ತೊಟ್ಟಿಲ ಗದ್ದಲದಲ್ಲಿ ಎಲ್ಲೋ ಇಟ್ಟಿರಬೇಕು. ಕೂತು ಬರೆದು ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತೇನೆ. ನೀವು ಒಡೆಯದೆ ತಿರುಗಿಸಿದ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಮೊದಲು ಓದಿ, ಆಮೇಲೆ ಇದನ್ನು.

ಓದಿದಿರಾ? ಈಗ ಕೇಳಿ. ಗೌಸಬಿಯ ಮನೆಗೆ ಹೋದೆ. ನಮ್ಮವರ ಅಂಗಡಿಯ ಟೆಸ್ಟರ್ ತಂದಿದ್ದೆ. ಡಬ್ಬಿಗೆ ಮುಟ್ಟಿಸಿದೆ, ಕೆಂಪಗೆ ಹತ್ತಿತು. ನಳದ ಬಾಯಿಯ ತಂತಿಗೆ ಮುಟ್ಟಿಸಿದೆ, ಹತ್ತಿತು. ಅವಳು ದಿನಾ ಆ ಪ್ಲಗ್ ಕಿತ್ತು ಅದೇ ತೂತಿಗೆ ಮೊಬೈಲ್ ಚಾರ್ಜಿಗೆ ಹಚ್ಚುತ್ತಾಳೆ, ಮತ್ತೆ ಹೇಗೆ ಕೈಗೆ ಬಂತೋ ಹಾಗೆ ಚುಚ್ಚುತ್ತಾಳೆ. ಒಂದು ದಿನ ಬದುಕುವ ಕಡೆ, ಒಂದು ದಿನ ಸಾಯುವ ಕಡೆ. ಪ್ಲಗ್ ಕಿತ್ತೆ, ತಂತಿ ಕತ್ತರಿಸಿದೆ, ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದರೆ ಮತ್ತೆ ಅದೇ ಕಿಲುಬು, ಅದೇ ಗಾಯದ ಪಟ್ಟಿ, ಒಳಗೆ ಎರಡು ಜಿರಳೆ ಸುಟ್ಟು ಬೋರ್ಡಿಗೆ ಅಂಟಿದ್ದವು. ಆ ವಾಸನೆ ಇನ್ನೂ ನನ್ನ ಸೆರಗಿನಲ್ಲಿದೆ.

ನೀರಿನಲ್ಲಿ ಬ್ಲೀಚಿಂಗ್ ಇರಬಹುದು, ಗಟಾರವೂ ಇರಬಹುದು. ಬೆರಳು ಜುಮ್ ಎಂದದ್ದು ಅದಕ್ಕಲ್ಲ. ಆಡು ಹಿಂದೆ ಸರಿದದ್ದೂ ಅದಕ್ಕಲ್ಲ. ಪಾಚಿ ಎಂದು ಬರೆದಿರಿ. ನಾನು ಆ ಕಟ್ಟೆಯನ್ನು ಕೈಯಿಂದ ಸವರಿ ನೋಡಿದೆ. ಒಣ ಖಣಖಣ. ಹತ್ತು ದಿನಕ್ಕೊಮ್ಮೆ ನೀರು ಕಾಣುವ ಕಲ್ಲಿನ ಮೇಲೆ, ಈ ಮಾರ್ಚ್ ಬಿಸಿಲಿನಲ್ಲಿ, ಪಾಚಿ ಎಲ್ಲಿಂದ ಬರಬೇಕು? "ಖರೆ ಹೇಳ ಗೌಸಬಿ ಅಕ್ಕಾ, ಜಾರಿದೇನು?" ಎಂದು ಕೇಳಿದೆ. ಮುಖ ಆಕಡೆ ತಿರುಗಿಸಿ "ಹೂಂ, ಜಾರಿದೆ" ಎಂದಳು.

ಒಂದು ಮಾತನ್ನು ನಿಮ್ಮಿಂದ ಮುಚ್ಚಿಟ್ಟೆ. ಫೆಬ್ರುವರಿಯಲ್ಲಿ ಬಂದಾಗ ನಾನು ಸುಮ್ಮಸುಮ್ಮನೆ ಮುಚ್ಚಳ ತೆಗೆಯಲಿಲ್ಲ. ನಿಮ್ಮ ಡಬ್ಬಿಗೆ ಒದ್ದೆ ಕೈ ತಾಗಿ ಮೊಣಕೈತನಕ ಜುಮ್ ಎಂದಿತು. ಅಣ್ಣ ಅಲ್ಲೇ ಪೇಪರ್ ಓದುತ್ತಿದ್ದ. ಬಾಯಿ ಬಿಟ್ಟಿದ್ದರೆ ಅವತ್ತೇ ನಿಮ್ಮ ಐರನ್, ಮೀಟರ್, ಡಬ್ಬ ಎಲ್ಲ ತಿಪ್ಪೆಗೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಸುಮ್ಮನಾದೆ. ಊರಿಗೆ ಹೋಗಿ ಕಾಗದ ಬರೆಯಲು ಕುಳಿತರೆ ಬೆಸುಗೆಯ ಹೊಲಸೇ ಕಣ್ಣ ಮುಂದೆ ಬಂತು, ಅದನ್ನೇ ಪುಟಗಟ್ಟಲೆ ಬರೆದೆ, ಸಾವಿನ ಮಾತು ಕೊನೆಗೆ ಎರಡು ಸಾಲಾಯಿತು. ಕಾಗದ ತಿರುಗಿ ಬಂದಾಗ ನನಗೂ ಸಿಟ್ಟು ನೆತ್ತಿಗೇರಿ, ಹೋಗಲಿ, ಹೇಗೂ ತೆಗೆದಿರುತ್ತಾರೆ ಎಂದು ಕೂತೆ. ಕೂತದ್ದು ತಿಂಗಳಾಯಿತು. ನನ್ನ ಸಿಟ್ಟೂ ನನಗೆ ಈಗ ಹೇಸಿಗೆ ಬರಿಸುತ್ತಿದೆ.

ನಿಮ್ಮ ಮನೆಯದು ಒಳಗಿದೆ, ನನ್ನ ಕೈಗೆ ಸಿಗಲಿಲ್ಲ. ಈ ಕಾಗದ ಓದಿದ ಮೇಲೆ ಕಾಲು ತೊಳೆಯಲು ಕೂಡ ನಳದ ಹತ್ತಿರ ಹೋಗಬೇಡಿ. ಮೊದಲು ಪ್ಲಗ್.

ವನಿತಾ


ಬೆಟಗೇರಿ
6 ಏಪ್ರಿಲ್ 2025

ವನಿತಾ,

ಎರಡೂ ಕಾಗದ ಬಾಗಿಲಲ್ಲೇ ನಿಂತು ಓದಿದೆ. ನಿನ್ನಣ್ಣ ಬ್ಯಾಗು ಹಿಡಿದು ಹಿಂದೆ ನಿಂತು "ಒಳಗರ ಹೋಗು ಮಾರಾಯ್ತಿ" ಎನ್ನುತ್ತಿದ್ದ. ಒಳಗೆ ಹೋಗಿ ಟೆಸ್ಟರ್ ತೆಗೆದುಕೊಂಡೆ. ಪ್ಲಗ್ ತಿರುವಿ ಚುಚ್ಚಿದೆ. ಡಬ್ಬಿಗೆ ಮುಟ್ಟಿಸಿದೆ. ಹತ್ತಿತು.

ನನ್ನ ಕೈಯಿಂದಾದ ವಸ್ತುವಿನ ಮೇಲೆ ನನಗೆ ಇಷ್ಟು ಹೇಸಿಗೆ ಎಂದೂ ಬಂದಿರಲಿಲ್ಲ. ಬಂದವರಿಗೆಲ್ಲ ನೋಡ್ರಿ ನೋಡ್ರಿ ಎಂದು ತೋರಿಸಿದ್ದೆನಲ್ಲ, ಅದು ನೆನಪಾಗಿ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ನಿನ್ನಣ್ಣನಿಗೆ ನಾನೇ ಹೇಳಿದೆ, ಎಲ್ಲವನ್ನೂ, ಗೌಸಬಿಯ ಕೈ ಸಮೇತ. ಅವನು ಬಾಯಿ ಮಾಡಿದ, ಮಾಡಲಿ. ನನ್ನ ಸಾಮಾನಿನ ಡಬ್ಬ ಎತ್ತಿಕೊಂಡು ತಿಪ್ಪೆಗೆ ಹೊರಟೇಬಿಟ್ಟ. "ಒಗೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಇದನ್ನ ಸುದ್ದ ಮಾಡಿದ ಮ್ಯಾಲೆ ಒಗೀರಿ. ಕೆಡಿಸಿದಾಕಿ ನಾನ, ಸುದ್ದ ಮಾಡಾಕಿನೂ ನಾನ" ಎಂದೆ. ಡಬ್ಬ ನಡುಮನೆಯಲ್ಲೇ ಕೆಳಗಿಟ್ಟು ಹೊರಗೆ ಹೋದ. ಮತ್ತೆ ಆ ಮಾತು ತೆಗೆದಿಲ್ಲ.

ಆಮೇಲೆ ಗೌಸಬಿಯ ಮನೆಗೆ ಹೋದೆ. ಅವಳು ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ಕಾಲ ಹತ್ತಿರ ಕುಳಿತು ಕೇಳಿದೆ. ಬಹಳ ಹೊತ್ತು ಕಲ್ಲು ಹುಡುಕಿದಳು. ಕಡೆಗೆ, "ಜಾರಿಲ್ಲವ್ವಾ ನಾ. ಡಬ್ಬಿಗಿ ಕೈ ತಾಗಿತು, ಒಗೀತು" ಎಂದಳು.

"ಮದ್ಲ ಯಾಕ ಹೇಳಲಿಲ್ಲ? ನಾ ಬಂದು ಪಾಚಿ ಅಂತ ಬೈದು ಹೋದ್ನೆಲ್ಲ."

"ನೀ ಎಷ್ಟ ಅಕ್ಕರತಿಲೆ ಮಾಡಿ ತಂದಿದ್ದಿ. ಹೆಂಗ ಹೇಳ್ಲಿ ಯವ್ವಾ? ಮುಟ್ಟದ್ಹಂಗ ನೀರ ತುಂಬಿಕೊಂಡ್ರ ಆತು ಅಂತ ಸುಮ್ಮನಾದೆ."

ಕೇಳಿದೆಯಾ? ನೀನು ಕೈ ಸೆರಗಿಗೆ ಒರೆಸಿಕೊಂಡೆ. ಅವಳು ಕೈ ಮುರಿದುಕೊಂಡು ಪಾಚಿ ಎಂದಳು. ನನ್ನ ಮನಸ್ಸಿಗೆ ನೋವಾಗಬಾರದೆಂದು ನೀವೆಲ್ಲ ಸಾಯಲು ತಯಾರಾಗಿದ್ದಿರಿ. ಥೂ ನಿಮ್ಮ. ಇಂಥ ಪ್ರೀತಿ ಯಾರಿಗೆ ಬೇಕು? ನಾನೇನು ಅಷ್ಟು ಕೆಟ್ಟವಳಾಗಿದ್ದೆನೇ, ಡಬ್ಬಿ ಕಚ್ಚುತ್ತದೆ ಎಂದು ನನ್ನೆದುರು ಹೇಳಲು ಯಾರಿಗೂ ಬಾಯಿ ಬರದಷ್ಟು? ಆಗಿದ್ದೆ ಅನ್ನಿಸುತ್ತದೆ. ಒಬ್ಬಳು ಹೇಳಲು ಬಂದರೆ ಅವಳ ಕಾಗದ ತಿರುಗಿಸಿದವಳು ನಾನು. ಈ ಓಣಿಯಲ್ಲಿ ಮೊದಲ ದಿನವೇ ಖರೆ ಹೇಳಿದ್ದು ಆ ಆಡೊಂದೇ. ಅದರ ಮಾತನ್ನೂ ನಾನು ನೀರಿನ ತಲೆಗೆ ಕಟ್ಟಿದೆ.

ಈಗ ಕೆಲಸದ ಮಾತು. ನಿನ್ನ ಅರ್ಥ ನನಗೆ ಅರ್ಥ ಆಯಿತು. ಹಳೆ ಬೋರ್ಡು ಎರಡನ್ನೂ ಸುತ್ತಿಗೆಯಿಂದ ಜಜ್ಜಿದೆ, ಯಾರೂ ಎತ್ತಿಕೊಂಡು ಹೋಗಿ ಹಚ್ಚಬಾರದೆಂದು. ಹುಚ್ಚವ್ವನಿಗೆ ಯುಗಾದಿಗೆ ಹೋಳಿಗೆ ಮಾತ್ರ ಕೊಟ್ಟೆ, ಡಬ್ಬಿ ಬರುವತನಕ ಬಯ್ಯುತ್ತಿರು ಎಂದೆ, ಬಯ್ಯುತ್ತಿದ್ದಾಳೆ. ನೀನು ಬಸ್ಸಿನವನ ಕೈಲಿ ಕಳಿಸಿದ ರಾಳ, ಬತ್ತಿ, ಟ್ರಾನ್ಸ್‌ಫಾರ್ಮರ್ ಮುಟ್ಟಿದವು. ಒದ್ದೆ ಸ್ಪಂಜು ಇಟ್ಟುಕೊಂಡೆ. ಗೌಸಬಿಗೆಂದು ಹೊಸ ಬೋರ್ಡಿಗೆ ಕೂತೆ, ತಂತಿ ಕಾಯಿಸಿ ಸೀಸ ಮುಟ್ಟಿಸಿದೆ, ನೀನಂದಂತೆ ತಾನೇ ಹರಿದು ಕೂತಿತು. ಹೊಳೆಯುತ್ತದೆ. ಸಿಂಬಳದಂತಿಲ್ಲ, ಬಂದು ನೋಡು. ಸೀರೀಸ್ ಬಲ್ಬಿಗೆ ಹಚ್ಚಿದೆ, ಬಲ್ಬು ಭರ್ತಿ ಉರಿಯಲಿಲ್ಲ. ಚಟ್ನಿಪುಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿದೆ. ಗೌಸಬಿಯ ಹಿತ್ತಲಲ್ಲಿ ಕರೆಂಟಿನವನನ್ನು ಕರೆಸಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಸುರಿಸಿ, ನೆಲಕ್ಕೆ ತಂತಿ ಇಳಿಸಿದೆ. ಆ ಮನೆ ಕಟ್ಟಿದಾಗಿನಿಂದ ಅಲ್ಲಿ ಅರ್ಥ ಇರಲಿಲ್ಲವಂತೆ. ಪ್ಲಗ್ ಮೂರು ಹಲ್ಲಿನದು, ತಿರುವಿ ಚುಚ್ಚಲು ಬರುವುದೇ ಇಲ್ಲ.

ಇನ್ನು ಮೇಲೆ ನನಗೆ ಕಾಗದ ಬರೆದರೆ ಸಾಯುವ ಮಾತು ಮೊದಲ ಸಾಲಿಗೆ ಬರೆ, ಸಿಂಬಳ ಆಮೇಲೆ. ಫೋನಾದರೂ ಮಾಡು. ನಿನ್ನಣ್ಣ ಸ್ಪೀಕರ್ ಹಾಕಿ ಕೇಳಿದರೆ ಕೇಳಲಿ.

ಇವತ್ತು ಮುಂಜಾನೆ ನಳ ಬಂತು. ಗೌಸಬಿಯ ಮನೆಯ ಡಬ್ಬಿ ಪೀಂ ಎಂದಿತು. ನಾನು ಓಡಿ ಹೋಗಿ ಮೊದಲು ಟೆಸ್ಟರ್ ಹಚ್ಚಿದೆ, ಹತ್ತಲಿಲ್ಲ. ಆಮೇಲೆ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ನೀರಿಗೆ ಕೈ ಹಿಡಿದೆ. ಏನೂ ಆಗಲಿಲ್ಲ. "ಬಾ ಅಕ್ಕಾ, ಮುಟ್ಟು" ಎಂದೆ. ಬಾಗಿಲಲ್ಲೇ ನಿಂತಿದ್ದಳು, ಬರಲಿಲ್ಲ. ಟೆಸ್ಟರನ್ನೂ ನಂಬಲಿಲ್ಲ, ನನ್ನ ಕೈಯನ್ನೂ ನಂಬಲಿಲ್ಲ. ಒಳಗೆ ಹೋಗಿ ಆಡಿನ ಹಗ್ಗ ಬಿಚ್ಚಿದಳು. ಅದು ಬಂತು, ಬಾನಿಯ ಹತ್ತಿರ ಮೂತಿ ತಂದು ನಿಂತಿತು. ಕುಡಿಯಿತು. ಅದು ತಲೆ ಎತ್ತುವತನಕ ನೋಡುತ್ತಿದ್ದು, ಆಮೇಲೆ ಗೌಸಬಿ ಎಡಗೈ ಚಾಚಿದಳು.

ನಿನ್ನ ವೈನಿ
ನೀಲಗಂಗಾ